ಪೆನಾಂಗ್ ಡಿಸ್ಕಸ್ ತರಿಸಿದ ನಮ್ಮ ಗುಂಪಿಗೆ

ಭಾನುವಾರ ಕೊನೆಯ ಮೀನೂ ಹಾಸನ ಸೇರಿತು. ಲೆಕ್ಕ ಮುಗಿಯಿತು, ಯಾರ ಮುಖವೂ ಸಿಂಡರಿಸಿಲ್ಲ. ಗುಂಪಾಗಿ ದುಡ್ಡು ಹಾಕಿ ಹೊರದೇಶದಿಂದ ಮೀನು ತರಿಸಿದವರಿಗೆ ಈ ಎರಡನೇ ಮಾತಿನ ಬೆಲೆ ಗೊತ್ತು. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳುವ ಬದಲು ಎಲ್ಲರ ಎದುರಿಗೇ ಹೇಳಿಬಿಡೋಣ ಅಂತ ಕೂತಿದ್ದೇನೆ.

ಹೊಸಬರಿಗೆ ಎರಡು ಮಾತು. ಡಿಸ್ಕಸ್ ಮೂಲದಲ್ಲಿ ಅಮೆಜಾನ್ ಸೀಮೆಯ ಮೀನು. ಆದರೆ ನಾವು ಸಾಕುವ ಬಣ್ಣಬಣ್ಣದ ತಳಿಗಳೆಲ್ಲ ಫಾರಂಗಳಲ್ಲೇ ಹುಟ್ಟಿದವು. ಮಲೇಷ್ಯಾದ ಪೆನಾಂಗ್ ಈ ಕಸುಬಿಗೆ ಹೆಸರಾದ ಊರು. ನಾಲ್ಕು ಮೀನು ಬೇಕು ಅಂದರೆ ಅಲ್ಲಿಂದ ಯಾರೂ ಕಳಿಸುವುದಿಲ್ಲ, ವ್ಯವಹಾರವೆಲ್ಲ ಪೆಟ್ಟಿಗೆ ಲೆಕ್ಕದಲ್ಲಿ. ವಿಮಾನದ ಬಾಡಿಗೆ, ಪರ್ಮಿಟ್, ಆರೋಗ್ಯ ಪ್ರಮಾಣಪತ್ರ, ಇಲ್ಲಿಗೆ ಬಂದ ಮೇಲೆ ಕ್ವಾರಂಟೈನ್ ಎಲ್ಲ ಸೇರಿದರೆ ಒಬ್ಬರ ಕೈಲಿ ಆಗುವ ಮಾತಲ್ಲ. ಅದಕ್ಕೇ ಲೈಸೆನ್ಸ್ ಇರುವ ಇಂಪೋರ್ಟರ್ ಒಬ್ಬರ ಮೂಲಕ ಎಲ್ಲರದ್ದೂ ಸೇರಿಸಿ ಒಂದೇ ಆರ್ಡರ್.

ಮೊದಲ ಥ್ಯಾಂಕ್ಸ್ ಆ ಫಾರಂನ ಪ್ಯಾಕಿಂಗ್ ಹುಡುಗರಿಗೆ. ಅವರ ಮುಖ ನಾವು ನೋಡಿಲ್ಲ, ಕೈಕೆಲಸ ಮಾತ್ರ ನೋಡಿದೆವು. ಪ್ಯಾಕ್ ಮಾಡುವ ಮುಂಚೆಯೇ ಮೀನುಗಳಿಗೆ ಊಟ ನಿಲ್ಲಿಸಿದ್ದರು. ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ನೀರು ಕೆಡುವುದು ಕಡಿಮೆ. ಒಂದು ಚೀಲಕ್ಕೆ ಒಂದೇ ಮೀನು. ಚೀಲದೊಳಗೆ ಇನ್ನೊಂದು ಚೀಲ, ನಡುವೆ ನ್ಯೂಸ್‌ಪೇಪರ್, ನೀರು ಸ್ವಲ್ಪ, ಆಕ್ಸಿಜನ್ ಜಾಸ್ತಿ. ಬಾಯಿಗೆ ರಬ್ಬರ್ ಬ್ಯಾಂಡನ್ನು ಎಷ್ಟು ಬಿಗಿಯಾಗಿ ಸುತ್ತಿದ್ದರೆಂದರೆ ಬಿಚ್ಚುವ ಆಸೆ ಬಿಟ್ಟು ಕತ್ತರಿ ಹುಡುಕಬೇಕಾಯಿತು. ಆ ಬಿಗಿ ಇಲ್ಲದಿದ್ದರೆ ಇವತ್ತು ಬರೆಯುವುದಕ್ಕೆ ಬೇರೆಯೇ ಕಥೆ ಇರುತ್ತಿತ್ತು.

ಯಾಕೆಂದರೆ ನಮ್ಮ ಪೆಟ್ಟಿಗೆಗಳಿಗೆ ಕೌಲಾಲಂಪುರದಲ್ಲಿ ವಿಮಾನ ತಪ್ಪಿತು. ನಾವಾದರೆ ಕಾಫಿ ಕುಡಿದು ಕಾಯಬಹುದು, ಮೀನಿಗೆ ಆ ಸೌಕರ್ಯ ಇಲ್ಲ. ಒಂದು ದಿನ ತಡವಾಗಿ, ಅದೂ ಚಳಿಯ ರಾತ್ರಿಯಲ್ಲಿ ಬೆಂಗಳೂರಿಗೆ ಬಂದವು. 28–30 ಡಿಗ್ರಿ ಬೆಚ್ಚಗಿನ ನೀರು ಬೇಡುವ ಜೀವ ಅದು! ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಅಣ್ಣ ಕಾಗದವನ್ನೆಲ್ಲ ಮೊದಲೇ ಜೋಡಿಸಿಟ್ಟಿದ್ದರು. ಪ್ಯಾಕಿಂಗ್ ಪಟ್ಟಿಯಲ್ಲಿ ಬರೆದ ಸಂಖ್ಯೆಗೂ ಚೀಲಗಳಿಗೂ ಒಂದು ಚೂರು ವ್ಯತ್ಯಾಸ ಇದ್ದಿದ್ದರೆ ಬೆಳಗಿನವರೆಗೂ ಕಾರ್ಗೋದಲ್ಲೇ. ಅಣ್ಣ, ನಿಮ್ಮ ಊಟ ಬಾಕಿ ಇದೆ, ಮರೆತಿಲ್ಲ.

ದೇವನಹಳ್ಳಿ ಕಡೆಯ ಕ್ವಾರಂಟೈನ್ ಶೆಡ್‌ನಲ್ಲಿ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಕಾಯುತ್ತಿದ್ದರು. ಅವರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ಕಟ್ಟಿದ ಚೀಲದಲ್ಲಿ ಮೀನು ಉಸಿರಾಡಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ನೀರಿನ ಪಿಎಚ್ ಇಳಿಯುತ್ತದೆ, ಅಂದರೆ ನೀರಿನ ಆಮ್ಲೀಯತೆ ಹೆಚ್ಚುತ್ತದೆ. ಮೀನು ಹೊರಹಾಕುವ ಅಮೋನಿಯಾ ಕೂಡ ಸೇರುತ್ತಾ ಹೋಗುತ್ತದೆ. ಆದರೆ ಪಿಎಚ್ ಕೆಳಗಿರುವಷ್ಟು ಹೊತ್ತು ಅದರ ವಿಷ ಅಷ್ಟಾಗಿ ತಟ್ಟುವುದಿಲ್ಲ. ಚೀಲ ಬಿಚ್ಚಿ ಗಾಳಿ ಆಡಿದರೆ ಪಿಎಚ್ ಮೇಲೇರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಅಂಗಡಿಯಿಂದ ತಂದ ಮೀನಿಗೆ ಮಾಡುವ ಹಾಗೆ ಚೀಲ ತೆರೆದಿಟ್ಟು ಲೋಟ ಲೋಟ ನೀರು ಹಾಕುತ್ತಾ ಕೂತರೆ ಅಲ್ಲೇ ಕಥೆ ಮುಗಿಯುತ್ತದೆ. ಮೇಷ್ಟ್ರು ಬೋರ್‌ವೆಲ್ ನೀರಿಗೆ ಆರ್‌ಓ ನೀರು ಬೆರೆಸಿ ಪಿಎಚ್ ತಗ್ಗಿಸಿ, ಹೀಟರ್ ಹಾಕಿ ತೊಟ್ಟಿಗಳನ್ನು ರೆಡಿ ಮಾಡಿಟ್ಟಿದ್ದರು. ಕಟ್ಟಿದ ಚೀಲವನ್ನೇ ತೇಲಿಬಿಟ್ಟು ಬಿಸಿ ಹೊಂದಿಸಿದರು. ಆಮೇಲೆ ಕತ್ತರಿಸು, ಮೀನು ಎತ್ತು, ತೊಟ್ಟಿಗೆ ಬಿಡು, ಚೀಲದ ನೀರು ಚರಂಡಿಗೆ. ಕಪ್ಪಿಟ್ಟ ಮೀನುಗಳು ತಳದಲ್ಲಿ ಮಗ್ಗುಲಾಗಿ ಮಲಗಿಬಿಟ್ಟವು. ನನಗೆ ಜೀವ ಬಾಯಿಗೆ ಬಂತು. ಮೇಷ್ಟ್ರು ಮಾತ್ರ ಲೈಟ್ ಆರಿಸಿ, "ಸುಮ್ನೆ ಬಿಡಮ್ಮಾ, ನೋಡ್ತಾ ನಿಂತರೆ ಏಳಲ್ಲ" ಅಂದರು.

ಆದರೂ ಒಂದು ಪೆಟ್ಟಿಗೆಯ ಮುಚ್ಚಳ ಒಡೆದು ಚಳಿ ಒಳಗೆ ನುಗ್ಗಿತ್ತು. ಅದರಲ್ಲಿ ಹೆಚ್ಚಿನವು ಸತ್ತಿದ್ದವು. ಚೀಲ ಬಿಚ್ಚದೆ, ಚೀಟಿ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿದೆವು. ಫಾರಂನವರು ಮೀನಿನ ಬೆಲೆಯನ್ನು ಮುಂದಿನ ಆರ್ಡರ್‌ಗೆ ಜಮೆ ಮಾಡಿದರು. ಸಾಗಣೆ ಖರ್ಚು ಮಾತ್ರ ಹೋದದ್ದು ಹೋಯಿತು. ಆ ಪೆಟ್ಟಿಗೆ ಇಬ್ಬರದ್ದು. ಒಬ್ಬರು ಹಾಸನದವರು, ಇನ್ನೊಬ್ಬ ಕಾಲೇಜು ಹುಡುಗ. ಡಿಸ್ಕಸ್ ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆ ತಿಂದು ಬೆಳೆಯುವುದನ್ನು ಕಣ್ಣಾರೆ ನೋಡಬೇಕು ಅಂತ ಟ್ಯೂಷನ್ ಹೇಳಿ ದುಡ್ಡು ಕೂಡಿಟ್ಟವನು ಅವನು.

ನಮ್ಮ ಮಾತುಕತೆಯ ಪ್ರಕಾರ ಯಾರ ಚೀಲವೋ ಅವರದೇ ನಷ್ಟ. ನಾನು ಪಟ್ಟಿ ಹಿಡಿದುಕೊಂಡು ಇಬ್ಬರಿಗೂ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ರಾಜಾಜಿನಗರದ ಅಕ್ಕ ಮೆಸೇಜ್ ಹಾಕಿದರು: "ನನ್ನವೆಲ್ಲ ಬದುಕಿವೆ. ಸತ್ತವುಗಳ ಖರ್ಚಲ್ಲಿ ನನ್ನ ಪಾಲೂ ಹಾಕಿ." ಆಮೇಲೆ ಒಬ್ಬರ ಹಿಂದೆ ಒಬ್ಬರು. ಯಾರೂ ಭಾಷಣ ಮಾಡಲಿಲ್ಲ, ಬರೀ ದುಡ್ಡು ಬಂದು ಬಿತ್ತು. ತುಮಕೂರಿನವರು ತಮ್ಮ ಪಾಲಿನ ಎರಡು ಮೀನನ್ನೇ ಹುಡುಗನಿಗೆ ಬಿಟ್ಟುಕೊಟ್ಟರು. ಅಕ್ಕ, ನಿಮ್ಮಿಂದ ಶುರುವಾಯಿತು. ನೀವು ಬಾಯಿ ಬಿಡದಿದ್ದರೆ ಈ ಗುಂಪು ಅವತ್ತೇ ಎರಡು ಹೋಳಾಗುತ್ತಿತ್ತು ಅಂತ ನನ್ನ ನಂಬಿಕೆ.

ಶೆಡ್ ನೋಡಿಕೊಂಡ ತಮ್ಮನಿಗೂ ದೊಡ್ಡ ಥ್ಯಾಂಕ್ಸ್. ಕ್ವಾರಂಟೈನ್ ಮುಗಿಯುವವರೆಗೂ ದಿನಾ ನೀರು ಬದಲಿಸಿದ, ಕರೆಂಟ್ ಹೋದರೆ ಎದ್ದು ಜನರೇಟರ್ ಹಾಕಿದ. ಮೀನು ಕೊನೆಗೂ ಊಟಕ್ಕೆ ಬಾಯಿ ಹಾಕಿದ ದಿನ ಅವನು ಕಳಿಸಿದ ವಿಡಿಯೋದಲ್ಲಿ ಮೀನಿಗಿಂತ ಅವನ ನಗುವೇ ಜಾಸ್ತಿ ಕೇಳುತ್ತಿತ್ತು.

ಒಂದು ಕೋರಿಕೆ. ಮುಂದೆ ಯಾರಿಗಾದರೂ ಸಾಕಲು ಆಗದಿದ್ದರೆ ಗುಂಪಿಗೆ ವಾಪಸ್ ಕೊಡಿ, ದಯವಿಟ್ಟು ಕೆರೆಗೆ ಬಿಡಬೇಡಿ. ಅಕ್ವೇರಿಯಂನವರು ಬಿಟ್ಟ ಸಕ್ಕರ್ ಮೀನು ನಮ್ಮ ಕೆರೆಗಳಲ್ಲಿ ಮಾಡಿರುವ ಅನಾಹುತ ಸಾಕು.

ಫಾರಂನ ಜಮೆ ಈಗ ಎಲ್ಲರ ಹೆಸರಿನಲ್ಲೂ ಇದೆ. ಚಳಿಗಾಲ ಕಳೆಯುವವರೆಗೆ ಯಾರೂ ಹೊಸ ಪಟ್ಟಿ ಕಳಿಸಬೇಡಿ, ನಾನು ತೆರೆದೂ ನೋಡಲ್ಲ. ಥರ್ಮಾಕೋಲ್ ಪೆಟ್ಟಿಗೆಗಳು ನಮ್ಮ ಬಾಲ್ಕನಿಯಲ್ಲಿವೆ. ಬೇಕಾದವರು ಶನಿವಾರದೊಳಗೆ ಬಂದು ಒಯ್ಯಿರಿ. ಅವುಗಳಲ್ಲಿ ಕೊತ್ತಂಬರಿ ಬೆಳೆಯಲು ನಮ್ಮತ್ತೆ ಆಗಲೇ ಮಣ್ಣು ತರಿಸಿದ್ದಾರೆ.