ನರ್ಸಿಂಗ್ ಹೋಮ್‌ನಲ್ಲಿ ಅಪ್ಪ ಅಮ್ಮ ಇರುವವರ ಗಮನಕ್ಕೆ

ಟೆಕ್ಸಾಸ್ ಬಳಗದ ಎಲ್ಲರಿಗೂ ನಮಸ್ಕಾರ.

ಸಂಜೆ ಏಳರ ಮೇಲೆ ಅಮ್ಮನನ್ನು ನೋಡಲು ನರ್ಸಿಂಗ್ ಹೋಮ್‌ನವರು (ವಯಸ್ಸಾದವರನ್ನು, ಕಾಯಿಲೆಯವರನ್ನು ಇರಿಸಿಕೊಂಡು ನೋಡಿಕೊಳ್ಳುವ ಸಂಸ್ಥೆ) ಬಿಡುತ್ತಿಲ್ಲ ಎಂದು ಒಬ್ಬರು ನಿನ್ನೆ ಇಲ್ಲಿ ಬರೆದಿದ್ದರು. ಓದಿ ಬೇಜಾರಾಯಿತು. ಮರೆವಿನ ಕಾಯಿಲೆಯಲ್ಲಿ ಇಂಗ್ಲಿಷ್ ಪೂರ್ತಿ ಹೋಗಿ ಕನ್ನಡ ಮಾತ್ರ ಉಳಿದವರು ನಮ್ಮಲ್ಲೂ ಇದ್ದಾರೆ. ನಾವು ಹೋಗದಿದ್ದರೆ ಅವರಿಗೆ ನೋವಾಗುತ್ತಿದೆ, ಹಸಿವಾಗಿದೆ ಅನ್ನೋದು ಯಾರಿಗೆ ಗೊತ್ತಾಗಬೇಕು?

ಮೆಡಿಕೇರ್ ಅಥವಾ ಮೆಡಿಕೇಡ್ (ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಗಳು) ಮಾನ್ಯತೆ ಇರುವ ನರ್ಸಿಂಗ್ ಹೋಮ್‌ನಲ್ಲಿ, ಯಾರನ್ನು ಯಾವಾಗ ಭೇಟಿಯಾಗಬೇಕು ಎಂದು ಹೇಳುವ ಹಕ್ಕು ಅಲ್ಲಿ ಇರುವವರದೇ. ಇದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ನಿಯಮ. ಪಕ್ಕದ ಹಾಸಿಗೆಯವರಿಗೆ ತೊಂದರೆ ಆಗಬಾರದು, ಸೋಂಕು ಹರಡದಂತೆ ಕೆಲವು ಮಿತಿ ಇರಬಹುದು, ಅಷ್ಟೇ. ಅಮ್ಮ ಬೇಡ ಅಂದರೆ ಮಾತ್ರ ಬೇರೆ ಮಾತು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಬಾಗಿಲು ಮುಚ್ಚಿದಾಗ ಎಷ್ಟೋ ಮಕ್ಕಳು ಕಿಟಕಿ ಗಾಜಿನ ಆಚೆ ನಿಂತು ಕೈ ಬೀಸಬೇಕಾಯಿತು. ಅದಾದ ಮೇಲೆಯೇ 2021ರ ನವೆಂಬರ್‌ನಲ್ಲಿ ಟೆಕ್ಸಾಸ್ ಮತದಾರರು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಒಪ್ಪಿದರು. ಅದರ ಪ್ರಕಾರ ನರ್ಸಿಂಗ್ ಹೋಮ್‌ನಲ್ಲಿ ಇರುವವರು ಒಬ್ಬರನ್ನು 'ಅತ್ಯಗತ್ಯ ಆರೈಕೆದಾರ' (ಎಸೆನ್ಷಿಯಲ್ ಕೇರ್‌ಗಿವರ್) ಎಂದು ಹೆಸರಿಸಬಹುದು. ಅವರ ಭೇಟಿಯನ್ನು ಸಂಸ್ಥೆ ನಿಷೇಧಿಸುವಂತಿಲ್ಲ. ದಯವಿಟ್ಟು ಈ ವಾರವೇ ಆ ಹೆಸರು ಬರೆದುಕೊಡಿ. ಕಷ್ಟ ಬಂದಾಗ ಓಡಾಡೋದು ಬೇಡ.

ತಡೆದರೆ ಕಾರಣವನ್ನು ಬರಹದಲ್ಲಿ ಕೇಳಿ. ಆಗಲೂ ಬಿಡದಿದ್ದರೆ ರಾಜ್ಯದ ಲಾಂಗ್ ಟರ್ಮ್ ಕೇರ್ ಓಂಬಡ್ಸ್‌ಮನ್‌ಗೆ (ನರ್ಸಿಂಗ್ ಹೋಮ್‌ನಲ್ಲಿ ಇರುವವರ ಪರವಾಗಿ ದೂರು ಕೇಳಿ ಬಗೆಹರಿಸುವವರು) ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ. ಮಾತಾಡಲು ಜೊತೆಗೆ ಯಾರಾದರೂ ಬೇಕಿದ್ದರೆ ನನಗೆ ತಿಳಿಸಿ, ಬರುತ್ತೇನೆ.