ಅಜ್ಜಿಯ ಪಾಡ್ದನ ಕಳಿಸು

ಟೂಸಾನ್, ಅರಿಜೋನಾ
ಜುಲೈ 18

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಅಪ್ಪ ಅಡಿಕೆಗೆ ಮದ್ದು ಬಿಟ್ಟಾಯ್ತಾ? ಅಲ್ಲಿ ಮಳೆ ಬಿಟ್ಟೇ ಇಲ್ಲ ಅಂತ ತಮ್ಮ ಹೇಳಿದ. ಇಲ್ಲಿ ನಿನ್ನೆಯಷ್ಟೇ ಮೊದಲ ದೊಡ್ಡ ಮಳೆ ಬಂತು. ಬರೀ ಅರ್ಧ ಗಂಟೆ. ಆದರೆ ಕುರುಚಲು ಗಿಡಗಳಿಂದ ಎದ್ದ ಪರಿಮಳ ರಾತ್ರಿಯವರೆಗೂ ಇತ್ತು.

ಆ ಹೊತ್ತಿಗೆ ಒಫೀಲಿಯಾ ಜೆಪೇಡಾ ಅವರ ಕವನ ಓದುತ್ತಿದ್ದೆ. ಫೋನಿನಲ್ಲಿ ಹೇಳಿದ್ದೆನಲ್ಲ, ಅವರೇ. ಇಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನರವರು. ಹಾಗೆಂದರೆ ಮರುಭೂಮಿಯ ಜನ ಅಂತ. ಹುಟ್ಟಿದ್ದು 1952ರಲ್ಲಿ, ಸ್ಟಾನ್‌ಫೀಲ್ಡ್ ಎಂಬ ಊರಿನಲ್ಲಿ, ಹತ್ತಿ ಹೊಲಗಳ ನಡುವೆ. 1983ರಲ್ಲಿ ತಮ್ಮ ಮನೆಮಾತಿಗೆ ವ್ಯಾಕರಣ ಬರೆದರು. ಮರುವರ್ಷ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್, ಆಮೇಲೆ ಅಲ್ಲೇ ಭಾಷಾಶಾಸ್ತ್ರದ ಪ್ರೊಫೆಸರ್. ಬೇರೆ ಬೇರೆ ಬುಡಕಟ್ಟಿನ ಟೀಚರ್‌ಗಳಿಗೆ ಅವರವರ ಭಾಷೆ ಕಲಿಸುವ ತರಬೇತಿಯನ್ನೂ ವರ್ಷಗಟ್ಟಲೆ ನಡೆಸಿದರು. 1999ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂತು. ತುಂಬಾ ದೊಡ್ಡ ಗೌರವ ಅದು.

ನನಗೆ ಇದೆಲ್ಲದಕ್ಕಿಂತ ಜಾಸ್ತಿ ಹಿಡಿಸಿದ್ದು ಅವರು ಕವಿಯಾದ ಬಗೆ. ಕ್ಲಾಸಿನಲ್ಲಿ ಓಧಮ್ ಓದಲು, ಬರೆಯಲು ಕಲಿಸುತ್ತಿದ್ದರು. ಕಲಿತವರು ಓದುವುದು ಏನನ್ನು? ಅಚ್ಚಾದದ್ದು ತೀರಾ ಕಡಿಮೆ. ಹಾಗಾಗಿ ವಿದ್ಯಾರ್ಥಿಗಳಿಗೋಸ್ಕರ ತಾವೇ ಬರೆಯಲು ಶುರು ಮಾಡಿದರು. 1995ರಲ್ಲಿ ‘ಓಷನ್ ಪವರ್’ ಸಂಕಲನ ಬಂತು. ಅದರಲ್ಲಿ ಓಧಮ್, ಇಂಗ್ಲಿಷ್ ಎರಡೂ ಇವೆ. ಎಲ್ಲಿ ತೆರೆದರೂ ಮೋಡ, ಮಳೆ. ಬೇಸಿಗೆಯಲ್ಲಿ ಅವರ ಜನ ಸಗ್ವಾರೋ ಎಂಬ ದೊಡ್ಡ ಕಳ್ಳಿಯ ಹಣ್ಣು ಕೀಳುತ್ತಾರೆ. ರಸವನ್ನು ಹುಳಿ ಬರಿಸಿ ಕುಡಿಯುತ್ತಾರೆ. ಹಾಡು ಹೇಳಿ ಮಳೆಯನ್ನು ಇಳಿಸುತ್ತಾರೆ.

ಅದನ್ನು ಓದುವಾಗ ಅಜ್ಜಿ ನೆನಪಾದರು. ನೇಜಿ ನೆಡುವಾಗ ಅವರು ಪಾಡ್ದನದ ಹಾಡು ಶುರು ಮಾಡಿದರೆ ಗದ್ದೆಯಲ್ಲಿದ್ದ ಹೆಂಗಸರೆಲ್ಲ ಸೊಲ್ಲು ಎತ್ತುತ್ತಿದ್ದರಲ್ಲ. ನಾನು ಬದುವಿನಲ್ಲಿ ಕೂತು ಕೇಳಿದ್ದು ಎಷ್ಟು ಸಲ! ಈಗ ಎರಡು ಸಾಲು ಹೇಳು ಎಂದರೆ ಬರುವುದಿಲ್ಲ. ನಾವು ಮಾತಾಡುವುದು ತುಳು. ಆದರೆ ತುಳುವಿನಲ್ಲಿ ನಾನು ಒಂದು ಸಾಲೂ ಬರೆದವಳಲ್ಲ. ನಿನಗೆ ಬರೆಯುವ ಈ ಪತ್ರವೂ ಕನ್ನಡದಲ್ಲೇ. ನಿಜಕ್ಕೂ ಬೇಸರವಾಯ್ತು ಅಮ್ಮ.

ಒಂದು ಕೆಲಸ ಮಾಡ್ತೀಯಾ? ಅಜ್ಜಿಗೆ ದಮ್ಮಿನ ಕಾಟ ಕಡಿಮೆ ಇರುವ ದಿನ ನೋಡಿ ಫೋನಿನಲ್ಲಿ ರೆಕಾರ್ಡ್ ಮಾಡು. ಪೂರ್ತಿ ನೆನಪಿಲ್ಲದಿದ್ದರೂ ಪರವಾಗಿಲ್ಲ. ನಡುವೆ ಕೆಮ್ಮಿದರೆ ನಿಲ್ಲಿಸಬೇಡ, ಹಾಗೇ ಬಿಡು. ನಾನು ಕೂತು ಕನ್ನಡ ಅಕ್ಷರದಲ್ಲಿ ಬರೆದಿಡುತ್ತೇನೆ. ಗೊತ್ತಾಗದ ಶಬ್ದ ಭಾನುವಾರ ನಿನ್ನ ಹತ್ತಿರವೇ ಕೇಳುತ್ತೇನೆ.

ನಿನ್ನ ಮಗಳು