ಮಂಜುನಾಥನಿಗೆ ದೊಡ್ಡವ್ವನ ಪತ್ರ: ಮೂರು ದಿನ ಮಗುವನ್ನು ಅಲ್ಲಿಂದ ಕದಲಿಸಬೇಡ

ಚಿರಂಜೀವಿ ಮಂಜುನಾಥನಿಗೆ ದೊಡ್ಡವ್ವನ ಆಶೀರ್ವಾದಗಳು.

ಬೆಳಿಗ್ಗೆ ಫೋನಿನಲ್ಲಿ ನೀನು ಮತ್ತೆ ಮತ್ತೆ ಕೇಳಿದ್ದು ಒಂದೇ ಮಾತು: ದಿನ ತುಂಬದೆ ಹುಟ್ಟಿದ ಮಗಳನ್ನು ಜಿಲ್ಲಾ ಆಸ್ಪತ್ರೆಯಿಂದ ಹುಬ್ಬಳ್ಳಿಗೆ ಒಯ್ಯಲೋ ಬೇಡವೋ. ಮಾವನವರು ಗಾಡಿ ಗೊತ್ತುಮಾಡಿ ನಿಂತಿದ್ದಾರೆ ಎಂದೆ. ನನ್ನ ಉತ್ತರ ಮೊದಲೇ ಬರೆದುಬಿಡುತ್ತೇನೆ: ಒಯ್ಯಬೇಡ. ಅಲ್ಲಿಯ ಡಾಕ್ಟರೇ "ಮಗುವಿಗೆ ವೆಂಟಿಲೇಟರ್ ಬೇಕು, ನಮ್ಮಲ್ಲಿಲ್ಲ, ಮುಂದೆ ಕಳಿಸುತ್ತೇವೆ" ಅಂದರೆ ಅದು ಬೇರೆ ಮಾತು. ಆಗ ಮುಂದಿನ ಆಸ್ಪತ್ರೆಗೆ ಮೊದಲೇ ಫೋನ್ ಹೋಗಿರಬೇಕು, ಆಂಬುಲೆನ್ಸಿನಲ್ಲಿ ಮಗುವಿನ ಉಸಿರು ನೋಡಿಕೊಳ್ಳಬಲ್ಲವರೊಬ್ಬರು ಇರಬೇಕು, ಮಗು ಬೆಚ್ಚಗಿರಬೇಕು. ನೆಂಟರ ಹುಮ್ಮಸ್ಸಿನ ಮೇಲೆ ಬಾಡಿಗೆ ಕಾರಿನಲ್ಲಿ ಒಯ್ಯುವ ಕೂಸಲ್ಲ ಅದು. ಫೋನಿನಲ್ಲಿ ಹೇಳಿದ್ದು ಈಗ ನಿನ್ನ ತಲೆಗೆ ಹತ್ತುವುದಿಲ್ಲ ಅಂತ ಬರೆದೇ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ಎರಡು ಸಲ ಓದು, ಮಾವನವರಿಗೂ ಓದಿಸು.

ಕೇಸ್ ಶೀಟಿನಲ್ಲಿ 'ಆರ್‌ಡಿಎಸ್' ಅಂತ ಬರೆದಿದ್ದಾರೆ ಎಂದೆಯಲ್ಲ, ಅದು ದಿನ ತುಂಬದ ಮಕ್ಕಳ ಉಸಿರಾಟದ ಕಾಯಿಲೆ (ರೆಸ್ಪಿರೇಟರಿ ಡಿಸ್ಟ್ರೆಸ್ ಸಿಂಡ್ರೋಮ್). ಅದು ಸೋಂಕಲ್ಲ, ಹೃದಯದ ತೊಂದರೆಯೂ ಅಲ್ಲ. ಶ್ವಾಸಕೋಶ ಇನ್ನೂ ಮಾಗಿಲ್ಲ, ಅಷ್ಟೇ. ನಮ್ಮ ಶ್ವಾಸಕೋಶದ ತುಂಬ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಅವುಗಳ ಒಳಮೈ ಒದ್ದೆ. ಹಾಲಿನ ಕವರನ್ನು ತೊಳೆದಿಟ್ಟರೆ ಒದ್ದೆಯಾದ ಎರಡು ಪದರ ಗಪ್ಪನೆ ಅಂಟಿಕೊಂಡು, ಬಿಡಿಸಲು ಊದಬೇಕಾಗುತ್ತದೆ ನೋಡು, ಗುಳ್ಳೆಗಳೂ ಹಾಗೆಯೇ ಅಂಟಿಕೊಳ್ಳುತ್ತವೆ. ಅಂಟದಿರಲಿ ಅಂತ ಶ್ವಾಸಕೋಶದ ಕೆಲವು ಕೋಶಗಳು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ವಸ್ತುವನ್ನು ತಯಾರಿಸುತ್ತವೆ. ಆ ತಯಾರಿ ಶುರುವಾಗುವುದೇ ಬಸಿರಿನ ಸುಮಾರು 24ನೇ ವಾರದ ಆಸುಪಾಸು, ಸಾಕಷ್ಟು ಆಗುವುದು 34-35 ವಾರಕ್ಕೆ. ನಿನ್ನ ಮಗಳು 31 ವಾರಕ್ಕೇ ಬಂದಳು. ಒಂದೊಂದು ಉಸಿರಿಗೂ ಮುಚ್ಚಿದ ಗುಳ್ಳೆಗಳನ್ನು ಹೊಸದಾಗಿ ಬಿಡಿಸುವ ಕೆಲಸ ಅವಳ ಪಾಲಿಗೆ ಬಿದ್ದಿದೆ. 1,400 ಗ್ರಾಮಿನ ಕೂಸಿಗೆ ಅದು ಸಣ್ಣ ದುಡಿಮೆಯಲ್ಲ.

ಗಾಜಿನಾಚೆ ನೀನು ನೋಡಿ ಅತ್ತಿದ್ದು ಆ ದುಡಿಮೆಯನ್ನೇ. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ, ಮೂಗಿನ ಹೊಳ್ಳೆ ಅರಳುತ್ತವೆ, ನಿಮಿಷಕ್ಕೆ ಅರವತ್ತಕ್ಕೂ ಮೀರಿ ಉಸಿರು. ಉಸಿರು ಬಿಡುವಾಗೆಲ್ಲ "ಹ್ಞೂಂ, ಹ್ಞೂಂ" ಅಂತ ನರಳುತ್ತಾಳೆ, ನೋವಿರಬೇಕು ಎಂದೆ. ಅದು ನೋವಿನ ನರಳಿಕೆಯಲ್ಲ ತಮ್ಮಾ. ಗಂಟಲನ್ನು ಅರ್ಧ ಮುಚ್ಚಿ ಒಳಗಿನ ಗಾಳಿಯನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತಿದ್ದಾಳೆ, ಗುಳ್ಳೆಗಳು ಪೂರ್ತಿ ಮುಚ್ಚದಿರಲಿ ಅಂತ. ಯಾರೂ ಹೇಳಿಕೊಡದೆ ಎಳೆಕೂಸು ಮಾಡುವ ಈ ಉಪಾಯವನ್ನು ನೌಕರಿಯುದ್ದಕ್ಕೂ ಎಳೆಮಕ್ಕಳ ವಾರ್ಡಿನಲ್ಲಿ ನೋಡಿದ್ದೇನೆ, ಇವತ್ತಿಗೂ ನನಗೆ ಸೋಜಿಗವೇ.

ಈಗ ಮುಖ್ಯ ಮಾತು. ಈ ಕಾಯಿಲೆ ಹುಟ್ಟಿದ ಕೂಡಲೇ ಶುರುವಾಗಿ ಮೊದಲ ಎರಡು ಮೂರು ದಿನ ಏರುತ್ತದೆ. ಆಮೇಲೆ ಮಗುವಿನ ಶ್ವಾಸಕೋಶ ತನ್ನ ಸರ್ಫ್ಯಾಕ್ಟಂಟ್ ತಾನೇ ತಯಾರಿಸತೊಡಗುತ್ತದೆ, ಉಚ್ಚೆ ಚೆನ್ನಾಗಿ ಹೋಗಲು ಶುರುವಾಗುತ್ತದೆ, ಉಸಿರು ಹಗುರಾಗುತ್ತದೆ. ಅಂದರೆ ನಾಳೆ ಇವತ್ತಿಗಿಂತ ಕಷ್ಟವಾಗಿ ಕಂಡರೂ ಕಂಡೀತು. ಅದನ್ನು ನೋಡಿ "ಇಲ್ಲಿ ಟ್ರೀಟ್‌ಮೆಂಟ್ ಸರಿಯಿಲ್ಲ" ಎಂದು ನೆಂಟರು ಗದ್ದಲ ಹಾಕುವುದು ಸಾಮಾನ್ಯವಾಗಿ ಎರಡನೇ ದಿನವೇ. ಮಗು ಅತಿ ದುರ್ಬಲವಾಗಿರುವ ಹೊತ್ತಿಗೇ ದಾರಿಗೆ ಹಾಕುತ್ತಾರೆ. ದಾರಿಯಲ್ಲಿ ಮೈ ತಣ್ಣಗಾದರೆ, ಸಕ್ಕರೆ ಅಂಶ ಇಳಿದರೆ, ಮೂಗಿನ ಕೊಳವೆ ಜರುಗಿದರೆ, ಹಿಂದಿನ ದಿನವೆಲ್ಲ ಗಳಿಸಿದ್ದು ತಾಸಿನೊಳಗೆ ಹೋಗುತ್ತದೆ. ಎಲ್ಲ ಮಕ್ಕಳಿಗೂ ಮೂರು ದಿನದಲ್ಲಿ ಗುಣವಾಗುತ್ತದೆ ಅಂತ ಸುಳ್ಳು ಭರವಸೆ ಕೊಡಲಾರೆ. ಸೋಂಕು, ಶ್ವಾಸಕೋಶದ ಸುತ್ತ ಗಾಳಿ ಸೋರುವುದು, ಮಿದುಳಿನಲ್ಲಿ ರಕ್ತಸ್ರಾವ, ಇವೆಲ್ಲ ಆಗಬಹುದಾದವೇ. ಆದರೆ ಇವನ್ನು ಬೇಗ ಕಂಡುಹಿಡಿಯಲಿಕ್ಕೂ ಮಗು ಒಂದೇ ಕಣ್ಣಿನ ಕೆಳಗೆ ಇರಬೇಕು.

ನಿನ್ನ ಮಗಳ ಮೂಗಿಗೆ ಹಾಕಿರುವುದು ಸಿ-ಪ್ಯಾಪ್, ಒಂದೇ ಸಮನೆ ಒತ್ತಡದಲ್ಲಿ ಗಾಳಿ ಕೊಡುವ ಕೊಳವೆ. ಅದರ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿದೆ, ಗುಳುಗುಳು ಗುಳ್ಳೆ ಬರುತ್ತಿರುತ್ತದೆ. ಕೊಳವೆ ನೀರಿನೊಳಗೆ ಐದು ಸೆಂಟಿಮೀಟರ್ ಮುಳುಗಿದ್ದರೆ ಮಗುವಿನ ಶ್ವಾಸಕೋಶದಲ್ಲೂ ಅಷ್ಟೇ ನೀರಿನ ಒತ್ತಡ ನಿಲ್ಲುತ್ತದೆ. ಅವಳು ಗಂಟಲು ಮುಚ್ಚಿ ನರಳುತ್ತ ಮಾಡುತ್ತಿದ್ದ ಕೆಲಸವನ್ನು ಈಗ ಆ ಬಾಟಲಿ ಮಾಡುತ್ತಿದೆ. ಒಳಗೆ ಬಿಟ್ಟಾಗ ಆ ಗುಳ್ಳೆಗಳ ಮೇಲೆ ಕಣ್ಣಿಡು. ನಿಂತುಹೋದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ, ಮೂಗಿನಲ್ಲಿ ಕೊಳವೆ ಸಡಿಲಾಗಿರಬಹುದು, ಮಗುವಿನ ಬಾಯಿ ತೆರೆದಿರಬಹುದು. ನೀನು ಮುಟ್ಟಬೇಡ, ಸಿಸ್ಟರನ್ನು ಕರೆ.

ಅಲ್ಲಿರುವ ಮಾನಿಟರಿನಲ್ಲಿ ರಕ್ತದ ಆಕ್ಸಿಜನ್ ಪ್ರಮಾಣ ಶೇಕಡಾ 92, 93 ತೋರಿಸುತ್ತಿದ್ದರೆ "ನೂರು ಯಾಕಿಲ್ಲ, ಆಕ್ಸಿಜನ್ ಜಾಸ್ತಿ ಮಾಡಿ" ಅಂತ ಕೂಗಾಡಬೇಡ. ಆಕ್ಸಿಜನ್ ಮೇಲಿರುವ ದಿನ ತುಂಬದ ಕೂಸಿಗೆ 90ರಿಂದ 95ರ ನಡುವೆ ಇರಲೆಂದೇ ಅವರು ಹೊಂದಿಸುತ್ತಾರೆ. ಹೆಚ್ಚಾದ ಆಕ್ಸಿಜನ್ ಎಳೆಗಣ್ಣಿನ ಹಿಂಪರದೆಯ ರಕ್ತನಾಳಗಳನ್ನು ಕೆಡಿಸುತ್ತದೆ. ಇದಕ್ಕೇ ಹುಟ್ಟಿದ ನಾಲ್ಕನೇ ವಾರಕ್ಕೆ ಕಣ್ಣಿನ ಪರೀಕ್ಷೆ ಆಗಲೇಬೇಕು, ಮನೆಗೆ ಹೋಗಿದ್ದರೂ ಸರಿ. ನಮ್ಮ ರಾಜ್ಯದಲ್ಲಿ ಕಿಡ್ರಾಪ್ ಎಂಬ ಕಾರ್ಯಕ್ರಮ 2008ರಿಂದ ಜಿಲ್ಲೆ ಜಿಲ್ಲೆಗೆ ಹೋಗಿ ಇಂಥ ಮಕ್ಕಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತ ಬಂದಿದೆ. ಡಿಸ್ಚಾರ್ಜ್ ದಿನ ಆ ಪರೀಕ್ಷೆಯ ತಾರೀಖು ಬರೆಸಿಕೊಳ್ಳದೆ ಬರಬೇಡ. ಮಗು ಚೆನ್ನಾಗಿದೆಯಲ್ಲ ಅಂತ ಇದನ್ನೇ ಮರೆಯುತ್ತಾರೆ.

ಸಿ-ಪ್ಯಾಪ್ ಸಾಲದೆ ಹೋದರೆ ಸರ್ಫ್ಯಾಕ್ಟಂಟ್ ಕೊಡುತ್ತೇವೆ ಎನ್ನಬಹುದು. ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿ ನೇರವಾಗಿ ಹಾಕುವ ಹಾಲಿನ ಬಣ್ಣದ ದ್ರವ ಅದು. ಬೆರಾಕ್ಟಂಟ್ ಎಂಬ ಬಗೆಯದಾದರೆ ಕೆ.ಜಿ.ಗೆ 4 ಮಿ.ಲೀ., ಎಂದರೆ ನಿನ್ನ ಮಗಳಿಗೆ ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಅದನ್ನು ತೆಗೆಯುವುದು ದನದ ಶ್ವಾಸಕೋಶದಿಂದ, ಇನ್ನೊಂದು ಬಗೆಯದು ಹಂದಿಯದರಿಂದ. ನಿಮ್ಮ ಅತ್ತೆಯ ಮಡಿ ನನಗೆ ಗೊತ್ತಿದೆ, ಆ ಮಾತು ಎದ್ದೇ ಏಳುತ್ತದೆ. ಸಹಿ ಹಾಕು. ಮಡಿಯ ವಿಚಾರ ನಾನು ಬಂದಮೇಲೆ ಅವರ ಹತ್ತಿರ ಕೂತು ಮಾತಾಡುತ್ತೇನೆ. ಮಗು ನಡುನಡುವೆ ಉಸಿರು ಮರೆಯುತ್ತದೆ ಎಂದು ಕೆಫೀನ್ ಬರೆದಿದ್ದರೂ ಹೆದರಬೇಡ. ಕಾಫಿಯಲ್ಲಿರುವ ಅದೇ ಕೆಫೀನ್, ಮಗುವಿನ ತೂಕಕ್ಕೆ ಅಳೆದು ಕೊಡುತ್ತಾರೆ.

ದೊಡ್ಡ ಊರು, ದೊಡ್ಡ ಡಾಕ್ಟರು ಎನ್ನುವ ಮಾವನವರಿಗೆ ಇದೊಂದು ಹೇಳು. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಗೆ ಗಂಡುಮಗು ಹುಟ್ಟಿತು, ಪ್ಯಾಟ್ರಿಕ್ ಎಂದು ಹೆಸರು. ಮೂವತ್ನಾಲ್ಕು ವಾರ ದಾಟಿತ್ತು, ತೂಕ ಎರಡು ಕೆ.ಜಿ.ಗೂ ಮೇಲು, ನಿನ್ನ ಮಗಳಿಗಿಂತ ಎಷ್ಟೋ ವಾಸಿ. ಇದೇ ಕಾಯಿಲೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಒಯ್ದರು, ಅಧಿಕ ಒತ್ತಡದ ಆಕ್ಸಿಜನ್ ಕೋಣೆಯಲ್ಲಿಟ್ಟರು. ಮಗು ಉಳಿದದ್ದು 39 ತಾಸು. ಸರ್ಫ್ಯಾಕ್ಟಂಟ್ ಕೊರತೆಯೇ ಕಾರಣ ಎಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲೇ ತೋರಿಸಿದ್ದರು, ಆದರೆ ಮದ್ದು ಯಾರ ಕೈಯಲ್ಲೂ ಇರಲಿಲ್ಲ. ಸಿ-ಪ್ಯಾಪ್ ಬಂದದ್ದು 1971ರಲ್ಲಿ. ಮರುವರ್ಷ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಹೆರಿಗೆಗೆ ಮೊದಲೇ ತಾಯಿಗೆ ಸ್ಟೆರಾಯ್ಡ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಮಾಗುತ್ತದೆ ಎಂದು ತೋರಿಸಿಕೊಟ್ಟರು. 1980ರಲ್ಲಿ ಜಪಾನಿನ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ಸಿದ್ಧಪಡಿಸಿದ್ದನ್ನು ಮಕ್ಕಳಿಗೆ ಕೊಟ್ಟು ಗೆದ್ದರು. ಅಧ್ಯಕ್ಷನ ಮಗುವಿಗೆ ಸಿಗದ ಸಿ-ಪ್ಯಾಪು, ಸ್ಟೆರಾಯ್ಡು ನಿನ್ನ ಮಗಳಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಸಿಕ್ಕಿವೆ. ಸವಿತಾಗೆ ಹೆರಿಗೆಗೆ ಮೊದಲು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡಿನ ಎರಡು ಇಂಜೆಕ್ಷನ್ ಆಗಿದ್ದವು ಎಂದೆಯಲ್ಲ. ಹನ್ನೆರಡು ತಾಸಿಗೊಂದರಂತೆ ನಾಲ್ಕು ಆಗಬೇಕಿತ್ತು, ಮಗು ಕಾಯಲಿಲ್ಲ. ಎರಡಾದರೂ ಆಗಿದ್ದು ದೊಡ್ಡದು.

ಸವಿತಾ ಬಗ್ಗೆ ಒಂದು ಮಾತು, ಇದನ್ನು ನೀನೊಬ್ಬನೇ ಓದಿಕೊ. ಪಪ್ಪಾಯಿ ತಿಂದಳು, ಸ್ಕೂಟಿ ಮೇಲೆ ಓಡಾಡಿದಳು, ಗ್ರಹಣದ ದಿನ ಹೊರಗೆ ಬಂದಳು ಅಂತ ಈಗಾಗಲೇ ಶುರುವಾಗಿರುತ್ತದೆ. ನೀರಿನ ಚೀಲ ಮೊದಲೇ ಒಡೆಯಲು ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ, ಸಿಕ್ಕರೂ ಅದು ಸೋಂಕೋ ಮತ್ತೊಂದೋ ಆಗಿರುತ್ತದೆ, ಅವಳ ತಪ್ಪಲ್ಲ. ಆ ಮಾತು ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳಬೇಕಾದವನು ನೀನು. ಅವಳ ಹಾಲು ಈಗ ಮಗುವಿಗೆ ಬೇಕು, ಅಳುತ್ತ ಕೂತರೆ ಹಾಲು ಇಳಿಯುವುದೂ ಕಷ್ಟ. ಎರಡು ಮೂರು ತಾಸಿಗೊಮ್ಮೆ, ರಾತ್ರಿಯೂ ಬಿಡದೆ, ಕೈಯಿಂದ ಹಾಲು ಹಿಂಡಬೇಕು. ಮೊದಲ ದಿನ ನಾಲ್ಕು ಹನಿ ಬರಬಹುದು, ಅಷ್ಟನ್ನೇ ಸಿಸ್ಟರ್ ಕೈಗೆ ಕೊಡು, ಅವರು ನಳಿಕೆಯಲ್ಲಿ ಕೊಡುತ್ತಾರೆ ಇಲ್ಲವೇ ಬಾಯಿಗೆ ಸವರುತ್ತಾರೆ. ಜೇನುತುಪ್ಪ, ಸಕ್ಕರೆ ನೀರು ಹಿಡಿದು ಯಾರೂ ಬಾಗಿಲ ಹತ್ತಿರ ಸುಳಿಯಕೂಡದು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನೂ ಪಕ್ಕಕ್ಕಿಡಿ.

ಇನ್ನು ಕಾಂಗರೂ ಆರೈಕೆ. ಮಗುವನ್ನು ಬರಿ ಎದೆಗೆ ಒರಗಿಸಿ ಬಟ್ಟೆ ಸುತ್ತಿ ಕೂರುವುದು. ಪೂರ್ತಿ ಗುಣವಾದ ಮೇಲೆ ಮಾತ್ರ ಇದು ಅಂತ ನಾವು ಸರ್ವಿಸಿನಲ್ಲಿದ್ದಾಗ ತಿಳಿದಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು, ದಿಲ್ಲಿಯ ಆಸ್ಪತ್ರೆಯೂ ಅದರಲ್ಲಿತ್ತು. 1 ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದಾಗ ಸಾವು ಕಾಲುಭಾಗದಷ್ಟು ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೂ ಒಯ್ದ ಕೆಲಸ ನಡೆದಿದೆ. ಹಾಗಾಗಿ "ಯಾವಾಗಿನಿಂದ ಎದೆಗೆ ಹಾಕಿಕೊಳ್ಳಬಹುದು?" ಅಂತ ನಾಳೆಯೇ ಡಾಕ್ಟರನ್ನು ಕೇಳು. ಸವಿತಾ ಏಳಲಾರದಿದ್ದರೆ ನೀನೇ ಕೂರು. ಗಂಡಸಿಗೆ ನಾಚಿಕೆಯೇನು ಅದರಲ್ಲಿ? ಅಂಗಿ ಗುಂಡಿ ಬಿಚ್ಚು, ಉಗುರು ಕತ್ತರಿಸಿರು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆ.

ನಿನ್ನ ತಂಗಿಗೆ ಮುಂದಿನ ತಿಂಗಳು ದಿನ ಅಲ್ಲವೇ. ಒಳ್ಳೆಯ ನಕ್ಷತ್ರ ಅಂತ 37 ವಾರಕ್ಕೇ ಸಿಸೇರಿಯನ್ ಮುಹೂರ್ತ ಇಡಿಸುವ ಮಾತು ನಡೆದಿದೆಯಂತೆ. ಡಾಕ್ಟರಿಗೆ ಬೇರೆ ಕಾರಣ ಇಲ್ಲದಿದ್ದರೆ 39 ತುಂಬುವವರೆಗೆ ಕಾಯಲಿ. ಅವಸರದ ಸಿಸೇರಿಯನ್ನಿನಿಂದ ಎರಡೂಮುಕ್ಕಾಲು ಕೆ.ಜಿ.ಯ ಮಗುವೂ ಏದುಸಿರು ಬಿಡುತ್ತ ಇದೇ ವಾರ್ಡಿಗೆ ಬಂದೀತು.

ಖರ್ಚಿನ ಚಿಂತೆ ಸದ್ಯಕ್ಕೆ ಬಿಡು. ಕಾಯಿಲೆ ಬಿದ್ದ ಎಳೆಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾದಡಿ ಔಷಧ, ಪರೀಕ್ಷೆ, ರೆಫರ್ ಮಾಡಿದರೆ ಗಾಡಿ, ಎಲ್ಲ ಉಚಿತ. ಹೊರಗಿನಿಂದ ಏನಾದರೂ ತರಲು ಚೀಟಿ ಬರೆದರೆ ಇದು ಈ ಯೋಜನೆಯಲ್ಲಿ ಬರುವುದಿಲ್ಲವೇ ಅಂತ ಮೆತ್ತಗೆ ಕೇಳು. ಜಗಳ ಬೇಡ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಹಳೇ ಪಂಚೆ ಮೆತ್ತಗಿದ್ದದ್ದು ನಾಲ್ಕು ಒಗೆದು ಬಿಸಿಲಿಗೆ ಒಣಗಿಸಿಡು, ಕೂಸನ್ನು ಎದೆಗೆ ಕಟ್ಟಿಕೊಳ್ಳಲು ಬೇಕಾಗುತ್ತವೆ. ರೌಂಡ್ಸ್ ಮುಗಿದ ಮೇಲೆ ಮಗುವಿನ ತೂಕ, ಉಸಿರಿನ ಎಣಿಕೆ, ಎಷ್ಟು ಆಕ್ಸಿಜನ್ ಮೇಲಿದೆ ಎಂಬ ಈ ಮೂರನ್ನು ಕೇಳಿ ದಿನಾ ಬರೆದು ಕಳಿಸು. ರಾತ್ರಿ ಎಷ್ಟೊತ್ತಿಗಾದರೂ ಫೋನ್ ಮಾಡು, ನನಗೆ ನೈಟ್ ಡ್ಯೂಟಿಯ ನಿದ್ದೆ ಇನ್ನೂ ಬಿಟ್ಟಿಲ್ಲ.

ಇತಿ,
ನಿನ್ನ ದೊಡ್ಡವ್ವ